ಎರಡು ಬ್ರೇಕಿನ ಕಾರು

ಮನೆಯ ಸಾಮಾನೆಲ್ಲ ಹಂಚಿಕೆಯಾಗಿ ಮುಗಿದಿತ್ತು. ಮಂಚ ಹೆಂಡತಿಗೆ, ಹಾಸಿಗೆ ಗಂಡನಿಗೆ. ಬಟ್ಟೆ ಒಗೆಯುವ ಯಂತ್ರ ಹೆಂಡತಿಗೆ, ಬಟ್ಟೆ ಒಣಹಾಕುವ ಸ್ಟ್ಯಾಂಡು ಗಂಡನಿಗೆ. ಕುಕ್ಕರಿನ ವಿಷಯದಲ್ಲಿ ಮಾತ್ರ ಹಟಕ್ಕೆ ಹಟ ಬಿದ್ದು, ಪಾತ್ರೆ ಹೆಂಡತಿಗೆ, ಮುಚ್ಚಳ ಗಂಡನಿಗೆ ಎಂದಾಯಿತು. ಗಂಡ, ಊರಿಗೆಲ್ಲ ಮೇಷ್ಟ್ರು, ಆ ಮುಚ್ಚಳವನ್ನು ತಮ್ಮ ಹೊಸ ಬಾಡಿಗೆ ಕೋಣೆಯ ಕಿಟಕಿಯಲ್ಲಿಟ್ಟು ದಿನಾ ನೋಡುತ್ತಿದ್ದರು. ಗೆದ್ದದ್ದೇನೋ ಗೆದ್ದಿದ್ದರು, ಆದರೆ ಅದರಲ್ಲಿ ಒಂದು ಹಿಡಿ ಅನ್ನ ಬೇಯುತ್ತಿರಲಿಲ್ಲ.

ಇನ್ನು ಉಳಿದದ್ದು ಕಾರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಅದು ಡ್ರೈವಿಂಗ್ ಶಾಲೆಯ ಕಾರು. ಸ್ಟೀರಿಂಗಿನ ಮುಂದೆ ಕಲಿಯುವವರು ಕೂರುತ್ತಾರೆ, ಪಕ್ಕದ ಸೀಟಿನಲ್ಲಿ ಕಲಿಸುವವರು. ಕಲಿಯುವವರು ಹೆದರಿ ಕಣ್ಣು ಮುಚ್ಚಿದಾಗ ಕಲಿಸುವವರು ಗಾಡಿ ನಿಲ್ಲಿಸಬೇಕಲ್ಲ, ಅದಕ್ಕಾಗಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ಹೀಗೆ ಗಾಡಿ ಒಂದೇ, ಬ್ರೇಕು ಎರಡು. ಮೇಷ್ಟ್ರು ಮತ್ತು ಅವರ ಹೆಂಡತಿ, ಶಿಷ್ಯರ ಬಾಯಲ್ಲಿ ಮೇಡಂ, ಇಬ್ಬರೂ ಆ ಶಾಲೆಯ ತರಬೇತುದಾರರು. ಊರಿನ ಅರ್ಧ ಜನ ಅವರ ಹತ್ತಿರ ಕಲಿತವರು. ಇನ್ನರ್ಧ ಜನ ಅವರ ಹತ್ತಿರ ಕಲಿಯುತ್ತಿದ್ದವರನ್ನು ಕಂಡು ರಸ್ತೆ ಬದಿಯ ಚರಂಡಿಗೆ ಹಾರಿದವರು.

ಸಂಸಾರ ಯಾಕೆ ಮುರಿಯಿತು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ನನ್ನನ್ನು ಕೇಳಿದರೆ ಕಾರಣ ಇಷ್ಟೇ: ಮನೆಯಲ್ಲೂ ಇಬ್ಬರೂ ಪಕ್ಕದ ಸೀಟಿನವರೇ ಆಗಿದ್ದರು. ಮೇಷ್ಟ್ರು ಈರುಳ್ಳಿ ಹೆಚ್ಚಲು ಕೂತರೆ ಮೇಡಂ "ನಿಧಾನ, ನಿಧಾನ" ಅನ್ನುತ್ತಿದ್ದರು. ಮೇಡಂ ಮೆಟ್ಟಿಲು ಇಳಿದರೆ ಮೇಷ್ಟ್ರು "ಮುಂದೆ ನೋಡು, ಕೆಳಗೆ ನೋಡ್ಬೇಡ" ಅನ್ನುತ್ತಿದ್ದರು. ತಿದ್ದುವವರು ಇಬ್ಬರಾದರು, ತಿದ್ದಿಸಿಕೊಳ್ಳುವವರು ಯಾರೂ ಇರಲಿಲ್ಲ.

ಕೋರ್ಟು ನೇಮಿಸಿದ ಸಂಧಾನದ ಅಮ್ಮ ತಾಳ್ಮೆಯ ಹೆಂಗಸು. "ಕಾರನ್ನು ಗರಗಸದಲ್ಲಿ ಕುಯ್ಯೋಕಾಗಲ್ಲ. ಒಬ್ಬರು ಇಟ್ಕೊಳ್ಳಿ, ಇನ್ನೊಬ್ಬರಿಗೆ ಅದರ ಅರ್ಧ ಬೆಲೆ ಕೊಡಿ. ಬೆಲೆ ಕಟ್ಟೋಕೆ ಕೋರ್ಟಿಂದ ಒಬ್ಬರು ಬರ್ತಾರೆ. ಹಂಚಿಕೆ ಮುಗಿದ ದಿನವೇ ಡೈವೋರ್ಸು" ಎಂದಿದ್ದರು. ಅಲ್ಲಿಯವರೆಗೆ ಬೆಳಗಿನ ಹೊತ್ತು ಕಾರು ಮೇಷ್ಟ್ರದು, ಮಧ್ಯಾಹ್ನದ ಮೇಲೆ ಮೇಡಂದು. ಬೆಲೆ ಕಟ್ಟುವವರು ಬರುವ ದಿನ ಇವತ್ತು, ಸಂಜೆ.

ಮೇಷ್ಟ್ರಿಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ಕಾರು ಹೋದರೆ ಶಾಲೆ ಹೋಯಿತು. ಶಾಲೆ ಹೋದರೆ ತಮ್ಮನ್ನು ಮೇಷ್ಟ್ರು ಎಂದು ಕರೆಯುವವರು ಯಾರು? ಹೆಂಡತಿ ಇಲ್ಲದ ಮನೆಗೆ ಹೇಗೋ ಒಗ್ಗಿಕೊಳ್ಳಬಹುದು, ಕೆಲಸವಿಲ್ಲದ ಬೆಳಗಿಗೆ ಒಗ್ಗಿಕೊಳ್ಳುವುದು ಹೇಗೆಂದು ಅವರಿಗೆ ತಿಳಿಯದು.

ಬೆಳಿಗ್ಗೆ ಕಾರು ಒರೆಸಲು ಬಟ್ಟೆ ಹಿಡಿದು ಹೊರಟವರನ್ನು ಸೆಕ್ಷನ್ ತಾತ ತಡೆದರು. ತಾತ ಇಳಿಜಾರಿನ ಬೀದಿಯ ಕೊನೆಯಲ್ಲಿ, ಬೀದಿಗೇ ಮುಖ ಮಾಡಿದ ಮನೆಯಲ್ಲಿರುವವರು. ಕೋರ್ಟಿನಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ಅಲ್ಲಿ ಏನಾಗಿದ್ದರು ಎಂದು ಯಾರೂ ಕೇಳಿರಲಿಲ್ಲ. ಬಾಯಿ ತೆರೆದರೆ ಸೆಕ್ಷನ್ನುಗಳು ಉದುರುತ್ತಿದ್ದುದರಿಂದ ಜಡ್ಜ್‌ಗಿಂತ ಒಂದು ಮೆಟ್ಟಿಲು ಕೆಳಗೆ ಇದ್ದಿರಬೇಕು ಎಂದು ಬೀದಿಯವರು ನಂಬಿದ್ದರು.

"ಏನಯ್ಯಾ ಇದು, ಕೈಯಲ್ಲಿ ಬಟ್ಟೆ?"

"ಸಂಜೆ ಬೆಲೆ ಕಟ್ಟೋರು ಬರ್ತಾರೆ ತಾತ. ಸ್ವಲ್ಪ ಹೊಳಪು ಬರಲಿ ಅಂತ."

ತಾತ ತಲೆ ತಲೆ ಚಚ್ಚಿಕೊಂಡರು. "ಕೆಟ್ಟೆ ಕಣೋ! ನಿನ್ನ ಕೊಡಲಿ ತಗೊಂಡು ನಿನ್ನ ಕಾಲ ಮೇಲೇ ಹಾಕ್ಕೊಳ್ತಿದ್ದೀಯ. ಕಾರು ನಿನಗೆ ಬೇಕೋ ಬೇಡ್ವೋ?"

"ಬೇಕು."

"ಹಾಗಾದ್ರೆ ಅರ್ಧ ಬೆಲೆ ಕೊಡೋನು ಯಾರು?"

"ನಾನೇ."

"ಬೆಲೆ ಜಾಸ್ತಿ ಆದ್ರೆ ಯಾರಿಗೆ ನಷ್ಟ?"

ಮೇಷ್ಟ್ರ ಕೈಯಲ್ಲಿದ್ದ ಬಟ್ಟೆ ಮೆಲ್ಲಗೆ ಕೆಳಗಿಳಿಯಿತು.

"ಅದಕ್ಕೇ ಹೇಳೋದು. ಗಾಡಿ ನೋಡಿದೋರು ಅಯ್ಯೋ ಪಾಪ ಅನ್ಬೇಕು. ಇದನ್ನ ಸುಮ್ನೆ ಕೊಟ್ರೂ ಬೇಡ ಅನ್ಬೇಕು. ಆಗ ಪುಕ್ಕಟೆ ಬೆಲೆಗೆ ನಿನ್ನದಾಗುತ್ತೆ. ಕಾನೂನಿನಲ್ಲಿ ಇದಕ್ಕೆ ಸೆಕ್ಷನ್ನೇ ಇದೆ" ಎಂದು ತಾತ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡ."

ಸಲಹೆ ಚೆನ್ನಾಗಿತ್ತು. ಆದರೆ ಬದುಕಿಡೀ ಕಾರಿಗೆ ಒಂದು ಗೀರೂ ಬೀಳದಂತೆ ಕಾದವರಿಗೆ ತಮ್ಮ ಕೈಯಾರೆ ಅದನ್ನು ಹಾಳು ಮಾಡುವುದು ಸುಲಭವೇ? ಮೇಷ್ಟ್ರು ಕಲ್ಲೊಂದನ್ನು ಕೈಗೆತ್ತಿಕೊಂಡರು, ಬಾನೆಟ್ಟಿನ ಮೇಲೆ ಎತ್ತಿ ಹಿಡಿದರು, ಮತ್ತೆ ಕೆಳಗಿಟ್ಟರು. ಮಗುವಿನ ಕೆನ್ನೆಗೆ ಹೊಡೆಯಲು ಹೋದ ಹಾಗಾಯಿತು. ಆಗ ಅವರಿಗೆ ಬ್ಯಾಂಕಿನ ಕ್ಯಾಷಿಯರ್ ನೆನಪಾದರು.

ಕ್ಯಾಷಿಯರ್ ಶಾಲೆಯ ಅತಿ ಹಳೆಯ ಶಿಷ್ಯ. ಎರಡು ಚಳಿಗಾಲದಿಂದ ಕಲಿಯುತ್ತಿದ್ದರು. ಇಷ್ಟರಲ್ಲಿ ಅವರು ಗುದ್ದಲು ಹೋಗದೆ ಬಿಟ್ಟದ್ದು ಯಾವುದೂ ಇರಲಿಲ್ಲ. ಕಸದ ತೊಟ್ಟಿ, ಅಂಚೆ ಪೆಟ್ಟಿಗೆ, ನಿಂತಿದ್ದ ಬಸ್ಸು, ಮಲಗಿದ್ದ ನಾಯಿಯ ನೀರಿನ ಬಟ್ಟಲು, ಎಲ್ಲದರ ಬಳಿಯೂ ಅವರ ಚಕ್ರದ ಗುರುತಿತ್ತು. ಪ್ರತಿ ಸಲವೂ ಮೇಷ್ಟ್ರು ಪಕ್ಕದ ಬ್ರೇಕು ಒತ್ತಿ ಕಾರಿನ ಮಾನ ಉಳಿಸಿದ್ದರು. ಇವತ್ತು ಒತ್ತದಿದ್ದರಾಯಿತು.

"ಸಾರ್, ಇವತ್ತು ನಾನು ಏನೂ ಹೇಳಲ್ಲ. ನಿಮಗೆ ಹೇಗೆ ತೋಚುತ್ತೋ ಹಾಗೆ ಓಡಿಸಿ" ಎಂದು ಮೇಷ್ಟ್ರು ಕೈಕಟ್ಟಿ ಕುಳಿತರು.

ಕ್ಯಾಷಿಯರ್ ಕಾರು ಹೊರಡಿಸಿದರು. ಕಸದ ತೊಟ್ಟಿ ಬಂತು. ಕಾರು ಅದನ್ನು ಬಳಸಿಕೊಂಡು ನೀರಿನಂತೆ ಸರಿದುಹೋಯಿತು. ಅಂಚೆ ಪೆಟ್ಟಿಗೆ ಬಂತು. ಅದಕ್ಕೂ ಒಂದು ಮೊಳ ಜಾಗ ಬಿಟ್ಟರು. ಕಿರಿದಾದ ಓಣಿಯಲ್ಲಿ ಎದುರಿಗೆ ಲಾರಿ ಬಂದಾಗ ಹಿಂದಕ್ಕೆ ತೆಗೆದು ದಾರಿ ಕೊಟ್ಟರು.

"ಸ್ವಲ್ಪ ಗೋಡೆ ಕಡೆ ತಗೊಳ್ಳಿ ಸಾರ್" ಎಂದರು ಮೇಷ್ಟ್ರು ಗೋಗರೆಯುತ್ತ.

"ತಗಲುತ್ತೆ ಮೇಷ್ಟ್ರೇ."

"ತಗಲಲಿ ಬಿಡಿ!"

"ಛೆ ಛೆ, ಎಲ್ಲಾದ್ರೂ ಉಂಟೇ? ಮೇಷ್ಟ್ರೇ, ಒಂದು ಮಾತು ಹೇಳ್ಲಾ? ಇಷ್ಟು ದಿನ ನೀವು ಪಕ್ಕದಲ್ಲಿ ಕಿರುಚ್ತಾ ಇದ್ರಲ್ಲ, ಅದಕ್ಕೇ ನನಗೆ ಬರ್ತಿರಲಿಲ್ಲ. ಇವತ್ತು ಸುಮ್ನಿದ್ರಿ ನೋಡಿ, ಎಷ್ಟು ಚೆನ್ನಾಗಿ ಬಂತು!" ಎಂದು ಕ್ಯಾಷಿಯರ್ ಇಳಿದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಮೇಷ್ಟ್ರ ಕಣ್ಣಲ್ಲೂ ಇತ್ತು, ಕಾರಣ ಬೇರೆ.

ಹೊತ್ತು ಏರುತ್ತಿತ್ತು. ಮೇಷ್ಟ್ರು ಕಾರಿನ ಮೈಗೆ ಒಂದಿಷ್ಟು ಕೆಸರು ಬಳಿದರು, ಒಂದು ಪಕ್ಕದ ಕನ್ನಡಿ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಷ್ಟಕ್ಕೆ ಬೆಲೆ ಎಷ್ಟು ಇಳಿದೀತು? ಬೀದಿಯ ಇಸ್ತ್ರಿಯವನು ತನ್ನ ಮೇಜು ಬಿಟ್ಟು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಮೇಷ್ಟ್ರೇ, ಕೆಸರು ಬಳಿದ್ರೆ ಕೊಳೆ ಅಂತಾರೆ, ಕೆಟ್ಟಿದೆ ಅನ್ನಲ್ಲ. ಈ ಗಾಡಿಗೆ ಬೆಲೆ ಇರೋದೇ ಆ ಎರಡನೇ ಬ್ರೇಕಿಂದ. ಅದೊಂದು ಕೆಲಸ ಮಾಡ್ಲಿಲ್ಲ ಅನ್ನಿ, ಆಮೇಲೆ ಇದು ಯಾವ ಶಾಲೆಗೂ ಬೇಡ."

ಎಲಾ ಇವನ, ಎಂದುಕೊಂಡರು ಮೇಷ್ಟ್ರು. ಅಂಗಿ ತಿಕ್ಕುವವನಿಗೆ ಹೊಳೆದದ್ದು ತಮಗೆ ಹೊಳೆಯಲಿಲ್ಲವಲ್ಲ! ಪಕ್ಕದ ಸೀಟಿನ ಬ್ರೇಕಿಗೆ ಬೇರೆಯೇ ತಂತಿ. ಅದನ್ನು ಸಡಿಲಿಸಿದರೆ ಸ್ಟೀರಿಂಗ್ ಕಡೆಯ ಬ್ರೇಕಿಗೆ ಏನೂ ಆಗುವುದಿಲ್ಲ. ಯಾರ ಜೀವಕ್ಕೂ ಅಪಾಯವಿಲ್ಲ. ಸಂಜೆ ತಾವೇ ಆ ಸೀಟಿನಲ್ಲಿ ಕೂತು, ಪೆಡಲು ಒತ್ತಿ, "ನೋಡಿ ಸ್ವಾಮಿ, ಸತ್ತೇ ಹೋಗಿದೆ" ಎಂದು ತೋರಿಸಿದರಾಯಿತು. ಮೇಷ್ಟ್ರು ಸೀಟಿನ ಕೆಳಗೆ ತಲೆ ತೂರಿಸಿ, ಕಾಲು ಬಾಗಿಲಿನಿಂದ ಹೊರಗೆ ಚಾಚಿ, ಬೆವರು ಸುರಿಸಿ ತಂತಿ ಕಳಚಿದರು. ಒಮ್ಮೆ ಪೆಡಲು ಒತ್ತಿ ನೋಡಿದರು. ಅದು ತಣ್ಣಗೆ ಕೆಳಗೆ ಹೋಗಿ ಅಲ್ಲೇ ಉಳಿಯಿತು. ಮನಸ್ಸಿಗೆ ಕಸಿವಿಸಿಯಾಯಿತು, ಸಮಾಧಾನವೂ ಆಯಿತು.

ಮಧ್ಯಾಹ್ನ ಬೀದಿಯ ಮೇಲ್ತುದಿಯಲ್ಲಿ ಮೇಡಂ ಮನೆಯ ಮುಂದೆ ಕಾರು ನಿಲ್ಲಿಸಿ, ಕೀಲಿ ಕೊಡಲು ಬಾಗಿಲು ತಟ್ಟಿದರು.

"ಊಟ ಆಯ್ತಾ?" ಎಂದರು ಮೇಡಂ ಅಭ್ಯಾಸಬಲದಿಂದ. ಕೇಳಿದ್ದಕ್ಕೆ ತಾವೇ ನಾಲಿಗೆ ಕಚ್ಚಿಕೊಂಡರು.

"ಆಯ್ತು" ಎಂದರು ಮೇಷ್ಟ್ರು. ಆಗಿರಲಿಲ್ಲ. "ಮಧ್ಯಾಹ್ನ ಪಾಠ ಇದೆಯಾ ನಿನಗೆ?"

"ಎಲ್ಲಾ ರದ್ದು ಮಾಡಿದ್ದೀನಿ. ಸಂಜೆವರೆಗೂ ಗಾಡಿ ಇಲ್ಲೇ ನಿಂತಿರುತ್ತೆ."

ಒಳ್ಳೆಯದೇ ಆಯಿತು, ಪಾಠ ಇದ್ದಿದ್ದರೆ ಪೆಡಲಿನ ಗುಟ್ಟು ರಟ್ಟಾಗುತ್ತಿತ್ತು ಎಂದುಕೊಂಡು ಮೇಷ್ಟ್ರು ಹೊರಟರು. ಗೇಟಿನ ಬಳಿ ಒಮ್ಮೆ ತಿರುಗಿ ನೋಡಿದರು. ಮೇಡಂ ಇನ್ನೂ ಬಾಗಿಲಲ್ಲೇ ನಿಂತು ಕಾರನ್ನು ನೋಡುತ್ತಿದ್ದರು. ಪಾಪ, ಅವಳಿಗೂ ಇದರ ಮೇಲೆ ಆಸೆ ಇದೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಆದರೆ ಆಸೆ ಯಾರಿಗಿಲ್ಲ?

ಸಂಜೆ ಬೆಲೆ ಕಟ್ಟುವವರು ಬಂದರು. ಸಣಕಲು ಮನುಷ್ಯ, ಹೆಗಲಿಗೊಂದು ಹಳೆಯ ಚೀಲ, ಕಾಲಿಗೆ ಧೂಳು ಹಿಡಿದ ಬೂಟು. ಹಳೆಯ ಗಾಡಿಗಳ ದಲ್ಲಾಳಿ ಇರಬೇಕು ಎಂದು ಮೇಷ್ಟ್ರು ನೋಡಿದ ಕೂಡಲೇ ತೀರ್ಮಾನಿಸಿದರು. ಸೆಕ್ಷನ್ ತಾತ ತಮ್ಮ ಗೇಟಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೆಳಗಿನಿಂದಲೇ ನೋಡುತ್ತಿದ್ದರು. ಇಸ್ತ್ರಿಯವನು ಬಿಸಿ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಬಿಟ್ಟು ಓಡಿ ಬಂದಿದ್ದ.

"ಗಾಡಿ ಹೇಗಿದೆ?" ಎಂದು ಆತ ಕೇಳಿದರು.

"ಏನ್ ಹೇಳೋದು ಸ್ವಾಮಿ" ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಓಡುತ್ತೆ ಅನ್ನೋದೇ ದೊಡ್ಡದು. ಎಂಜಿನ್ ಕೆಮ್ಮುತ್ತೆ. ಬಾಗಿಲು ಒಂದು ಮುಚ್ಚಿದ್ರೆ ಇನ್ನೊಂದು ತೆರೆದುಕೊಳ್ಳುತ್ತೆ."

ಈಗ ಮೇಡಂ "ಸುಳ್ಳು, ಗಾಡಿ ಮುತ್ತಿನಂಥದ್ದು" ಎಂದು ಮೈಮೇಲೆ ಬರುತ್ತಾರೆ ಎಂದು ಕಾದರು. ಮೇಡಂ ಹಾಗೆ ಅನ್ನಲಿಲ್ಲ.

"ಅವರು ಹೇಳಿದ್ದು ಕಮ್ಮಿ ಆಯ್ತು. ಮಳೆ ಬಂದ್ರೆ ಒಳಗೆ ಕೊಡೆ ಹಿಡೀಬೇಕು. ಹಾರ್ನ್ ಒತ್ತಿದ್ರೆ ವೈಪರ್ ಆಡುತ್ತೆ. ನಾವು ಶಿಷ್ಯರನ್ನ ಕೂರಿಸ್ಕೊಂಡು ಹೋಗೋವಾಗ ದೇವರ ಮೇಲೆ ಭಾರ ಹಾಕಿ ಹೋಗ್ತೀವಿ" ಎಂದರು ಮೇಡಂ.

ಮೇಷ್ಟ್ರಿಗೆ ಆಶ್ಚರ್ಯವಾಯಿತು. ಎಷ್ಟೋ ತಿಂಗಳ ಮೇಲೆ ಹೆಂಡತಿ ತಮ್ಮ ಮಾತನ್ನು ಒಪ್ಪಿಕೊಂಡಿದ್ದಳು. ಮೇಡಂ ಬೆರಳುಗಳಿಗೆ ಕಪ್ಪು ಗ್ರೀಸು ಮೆತ್ತಿದ್ದು ಕಣ್ಣಿಗೆ ಬಿತ್ತು, ಆದರೆ ಅದರ ಅರ್ಥವೇನೆಂದು ಯೋಚಿಸುವ ವ್ಯವಧಾನ ಆಗ ಅವರಿಗಿರಲಿಲ್ಲ.

"ಹೌದಾ? ಪಾಠದ ಗಾಡಿ ಇಂಥ ಸ್ಥಿತೀಲಿ ಇದೆಯಾ?" ಎಂದು ಬಂದಾತ ಹುಬ್ಬೇರಿಸಿದರು. "ಒಂದು ಸುತ್ತು ಓಡಿಸಿ ನೋಡ್ತೀನಿ" ಎಂದು ಸ್ಟೀರಿಂಗಿನ ಮುಂದೆ ಕೂತರು.

ಪಕ್ಕದ ಸೀಟಿನ ಬಾಗಿಲಿಗೆ ಮೇಷ್ಟ್ರು, ಮೇಡಂ ಇಬ್ಬರೂ ಒಟ್ಟಿಗೆ ಕೈಹಾಕಿದರು.

"ನಾನು ಕೂರ್ತೀನಿ" ಎಂದರು ಮೇಡಂ.

"ನಾನು ಕೂರೋದು."

"ಮಧ್ಯಾಹ್ನದ ಮೇಲೆ ಗಾಡಿ ನಂದು. ಸೀಟೂ ನಂದೇ."

"ಶಾಲೆ ಹಿರಿಯ ತರಬೇತುದಾರ ನಾನು. ನಾನಿರೋವಾಗ ನೀನು ಹೇಗೆ ಮುಂದೆ ಕೂರ್ತೀಯ?"

"ರೀ, ಹಟ ಮಾಡ್ಬೇಡಿ. ಇವತ್ತೊಂದು ದಿನ ನನ್ನ ಮಾತು ಕೇಳಿ" ಎಂದ ಮೇಡಂ ದನಿಯಲ್ಲಿ ಎಂದೂ ಇಲ್ಲದ ಅಂಗಲಾಚಿಕೆ ಇತ್ತು. ಮೇಷ್ಟ್ರು ಅದನ್ನು ಗಮನಿಸಬೇಕಿತ್ತು. ಆದರೆ ಗೆಲ್ಲುವ ಹೊತ್ತಿನಲ್ಲಿ ಕಿವಿ ಕೇಳಿಸುವುದಿಲ್ಲ. ಅವರು ಭುಜದಿಂದ ದಾರಿ ಮಾಡಿಕೊಂಡು ಸೀಟಿನಲ್ಲಿ ಕೂತೇಬಿಟ್ಟರು. ಮೇಡಂ ಬಿಳಿಚಿದ ಮುಖದಿಂದ ಹಿಂದಿನ ಸೀಟು ಹತ್ತಿದರು.

ಕಾರು ಹೊರಟಿತು. ಇಳಿಜಾರು ಕಡಿದಾದದ್ದೇನಲ್ಲ, ಆದರೆ ಉದ್ದ. ನಾಲ್ಕು ಮನೆ ದಾಟುವ ಹೊತ್ತಿಗೆ ಕಾರು ಯಾರ ಹಂಗೂ ಇಲ್ಲದೆ ತಾನೇ ಓಡತೊಡಗಿತು. ಬಂದಾತ ಬ್ರೇಕು ಒತ್ತಿದರು. ಮತ್ತೆ ಒತ್ತಿದರು. ಮೂರನೆಯ ಸಲ ಎರಡೂ ಕಾಲಿನಲ್ಲಿ ಒತ್ತಿದರು.

"ಬ್ರೇಕು ಹಿಡೀತಿಲ್ಲ!"

"ಹಿಡಿಯುತ್ತೆ, ಹಿಡಿಯುತ್ತೆ, ಗಟ್ಟಿಯಾಗಿ ಒತ್ತಿ!" ಎಂದರು ಮೇಷ್ಟ್ರು.

"ರೀ, ಅವರ ಕಡೇದು ಹಿಡಿಯಲ್ಲ ಕಣ್ರೀ, ನಾನೇ ಬಿಚ್ಚಿದ್ದೀನಿ! ನಿಮ್ಮ ಕಡೇದು ಒತ್ತಿ!" ಎಂದು ಮೇಡಂ ಹಿಂದಿನಿಂದ ಕೂಗಿದರು.

ಮೇಷ್ಟ್ರ ಕಾಲು ತಾನಾಗಿಯೇ ಪೆಡಲಿನ ಮೇಲೆ ಹೋಯಿತು, ಪೆಡಲು ತಣ್ಣಗೆ ಕೆಳಗೆ ಹೋಯಿತು.

"ನಂದೂ ಹಿಡಿಯಲ್ವೇ!"

"ಯಾಕೆ?"

"ಅದನ್ನ ನಾನು ಬಿಚ್ಚಿದ್ದೀನಿ!"

ಗಂಡಹೆಂಡತಿ ಇಬ್ಬರೂ ಇನ್ನೊಂದು ಬ್ರೇಕು ಇದ್ದೇ ಇದೆಯಲ್ಲ ಎಂಬ ಧೈರ್ಯದಲ್ಲಿ ಒಂದೊಂದನ್ನು ಬಿಚ್ಚಿದ್ದರು. ಪರಸ್ಪರ ಅಷ್ಟು ನಂಬಿಕೆ ಅವರಿಗೆ ಮದುವೆಯಾದ ಹೊಸತರಲ್ಲೂ ಇರಲಿಲ್ಲ.

ಮೇಷ್ಟ್ರು "ಕ್ಲಚ್ಚು! ಕ್ಲಚ್ಚು!" ಎಂದು ಕಿರುಚುತ್ತ ಗೇರನ್ನು ಎಳೆದರು. ಒಳಗೆಲ್ಲೋ ಲಟಕ್ಕೆಂದು ಮುರಿದ ಸದ್ದಾಗಿ ಗೇರುಕೋಲು ಕೈಯಲ್ಲಿ ಸಡಿಲವಾಗಿ ತೂಗಾಡಿತು. ಮೇಡಂ ಎರಡು ಸೀಟಿನ ಸಂದಿನಿಂದ ಅರ್ಧ ಮೈ ತೂರಿಸಿ, ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲುಕಚ್ಚಿ ಎಳೆದರು. ಕಾರಿನ ಓಟ ತಗ್ಗಿತು. ಕೆಳಗೆ ಕುರ್ಚಿಯಲ್ಲಿದ್ದ ಸೆಕ್ಷನ್ ತಾತ ತಮ್ಮ ವಯಸ್ಸಿಗೆ ತಕ್ಕದ್ದಲ್ಲದ ಒಂದು ಜಿಗಿತ ಜಿಗಿದರು. ಕಾರು ಮನೆಗೆ ಬಂದ ನೆಂಟರ ಹಾಗೆ ಮರ್ಯಾದೆಯಿಂದ ಅವರ ಗೇಟನ್ನು ತಳ್ಳಿಕೊಂಡು ಮಲಗಿಸಿ ನಿಂತಿತು. ಹ್ಯಾಂಡ್‌ಬ್ರೇಕು ಬುಡಸಮೇತ ಕಿತ್ತು ಮೇಡಂ ಕೈಗೆ ಬಂದಿತ್ತು. ಯಾರಿಗೂ ಗಾಯವಾಗಿರಲಿಲ್ಲ. ಬಂದಾತ ಬಾಗಿಲು ತೆರೆದು ಇಳಿದವರೇ ಕಾರಿನಡಿಗೆ ತೂರಿದರು.

"ನನ್ನ ಗೇಟು!" ಎಂದರು ತಾತ.

ಮೇಷ್ಟ್ರು ಹಿಂದಕ್ಕೆ ತಿರುಗಿದರು. "ನಿನಗೆ ಬ್ರೇಕು ಬಿಚ್ಚೋ ಬುದ್ಧಿ ಯಾರೇ ಹೇಳಿಕೊಟ್ಟಿದ್ದು?"

"ಗಾಡಿ ಬೆಲೆ ಇಳಿಸು, ಪುಕ್ಕಟೆ ನಿನ್ನದಾಗುತ್ತೆ ಅಂತ ಸೆಕ್ಷನ್ ತಾತ. ನಿಮಗೆ?"

"ಅವರೇ!"

ಇಬ್ಬರೂ ಒಂದೇ ಬಾರಿಗೆ ಕಾರಿನಿಂದಿಳಿದು, ಒಂದೇ ದನಿಯಲ್ಲಿ ತಾತನ ಮೇಲೆ ಬಿದ್ದರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮುಂದುವರಿಸಿದರು. ಇಬ್ಬರ ನಡುವೆ ಅಂಥ ಹೊಂದಾಣಿಕೆ ಬೀದಿಯವರು ಕಂಡೇ ಇರಲಿಲ್ಲ. "ನಾನು ಬ್ರೇಕು ಅಂತ ಹೇಳಿಲ್ಲ, ಬೆಲೆ ಅಂತ ಅಷ್ಟೇ ಹೇಳಿದ್ದು!" ಎಂದು ತಾತ ಕುರ್ಚಿಯ ಹಿಂದೆ ಅಡಗಿದರು.

ಅಷ್ಟರಲ್ಲಿ ಬೆಲೆ ಕಟ್ಟಲು ಬಂದಾತ ಕಾರಿನಡಿಯಿಂದ ಎದ್ದರು. ಕಳಚಿದ ಎರಡು ತಂತಿಗಳ ತುದಿ ಅವರ ಕೈಯಲ್ಲಿತ್ತು. ಚೀಲ ತೆರೆದು, ಒಂದು ಟೋಪಿ ತೆಗೆದು ತಲೆಗೆ ಹಾಕಿಕೊಂಡರು. ಅದು ಸಾರಿಗೆ ಕಚೇರಿಯ ಟೋಪಿ.

"ಕೋರ್ಟು ಗಾಡಿ ಬೆಲೆ ಕೇಳೋದು ನಮ್ಮ ಕಚೇರೀನ" ಎಂದರು ಇನ್ಸ್‌ಪೆಕ್ಟರ್. "ಬೆಲೆ ಕಟ್ಟೋದು ಕೋರ್ಟು ಹೇಳಿದ ಕೆಲಸ. ಪಾಠದ ಗಾಡೀಲಿ ಬ್ರೇಕು ಇದೆಯೋ ಇಲ್ವೋ ನೋಡೋದು ನನ್ನ ಸ್ವಂತ ಕೆಲಸ. ಹೇಳಿ, ಈ ಎರಡೂ ತಂತಿ ಬಿಚ್ಚಿದ್ದು ಯಾರು?"

ಇಬ್ಬರೂ ಕೂಗಾಡಿದ್ದು, ಮೊದಲು ಪ್ರಾಣಭಯದಲ್ಲಿ, ಆಮೇಲೆ ಕಾರಿನಡಿಯಲ್ಲಿದ್ದ ಕಾರಣ, ಇನ್ಸ್‌ಪೆಕ್ಟರ ಕಿವಿಗೆ ಸರಿಯಾಗಿ ಬಿದ್ದಿರಲಿಲ್ಲ ಎಂದು ಮೇಷ್ಟ್ರಿಗೆ ಹೊಳೆಯಿತು. ಮೇಡಂ ಗ್ರೀಸಿನ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಾಯಿ ತೆರೆಯುತ್ತಿದ್ದರು. ಮೇಷ್ಟ್ರಿಗೆ ಆ ಕೈ ಕಂಡಿತು. ಆ ಕೈಗೆ ಮೊದಲ ಸಲ ಸ್ಟೀರಿಂಗ್ ಹಿಡಿಸಿದವರು ಅವರೇ. ತರಬೇತುದಾರರ ಪರವಾನಗಿ ಬಂದ ದಿನ ಹೆಂಡತಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು, ನಡುರಾತ್ರಿ ಎದ್ದು ಮುಟ್ಟಿ ನೋಡಿದ್ದಳು. ಇಬ್ಬರ ಹೆಸರೂ ಹೇಳಿದರೆ ಇಬ್ಬರ ಪರವಾನಗಿಯೂ ಹೋಗುತ್ತದೆ. ಇವಳದಾದರೂ ಉಳಿಯಲಿ ಎಂದು ಅವರಿಗೆ ಅನ್ನಿಸಿತು. ಪ್ರೀತಿಯೋ, ಹಳೆಯ ರೂಢಿಯೋ, ಆ ಗಳಿಗೆಯಲ್ಲಿ ಅವರೇ ಹೇಳಲಾರರು.

"ಎರಡೂ ನಾನೇ ಬಿಚ್ಚಿದ್ದು. ಇವಳಿಗೆ ಏನೂ ಗೊತ್ತಿಲ್ಲ" ಎಂದರು.

"ರೀ..."

"ನೀನು ಸುಮ್ನಿರು. ಎಲ್ಲದಕ್ಕೂ ಮಧ್ಯೆ ಬಾಯಿ ಹಾಕ್ಬೇಡ."

ಇನ್ಸ್‌ಪೆಕ್ಟರ್ ಇಬ್ಬರ ಮುಖವನ್ನೂ ನೋಡಿದರು. "ಸರಿ. ನಿಮ್ಮ ತರಬೇತಿ ಪರವಾನಗಿ ಈ ಕ್ಷಣದಿಂದ ಅಮಾನತು. ಹ್ಯಾಂಡ್‌ಬ್ರೇಕು ಎಳೆದು ಜೀವ ಉಳಿಸಿದ್ದು ಇವರು, ಇವರದ್ದು ಹಾಗೇ ಇರಲಿ."

ಮೇಷ್ಟ್ರು ತಲೆತಗ್ಗಿಸಿ ಒಪ್ಪಿಕೊಂಡರು. ಹೋದದ್ದು ಹೋಯಿತು, ಈ ಒಂದು ದಿನವಾದರೂ ತಾವು ದೊಡ್ಡ ಮನುಷ್ಯರಂತೆ ನಡೆದುಕೊಂಡ ತೃಪ್ತಿ ಎದೆಯಲ್ಲಿ ಬೆಚ್ಚಗಿತ್ತು. "ಕಾರಿನ ಬೆಲೆ ಬರೆದುಬಿಡಿ ಸ್ವಾಮಿ. ಕಾರು ಇವಳೇ ಇಟ್ಕೊಳ್ಳಲಿ. ನಮ್ಮ ಲೆಕ್ಕ ಇವತ್ತಿಗೆ ಮುಗಿಯಲಿ."

"ಬ್ರೇಕಿಲ್ಲದ ಗಾಡಿಗೆ ನಾನು ಬೆಲೆ ಬರೆಯೋ ಹಾಗಿಲ್ಲ. ರಿಪೇರಿ ಮಾಡಿಸಿ, ನಮ್ಮ ಕಚೇರಿಯಿಂದ ಗಾಡಿ ಯೋಗ್ಯವಾಗಿದೆ ಅಂತ ಪತ್ರ ತಗೊಂಡು ಬನ್ನಿ. ಆಮೇಲೆ ಬೆಲೆ."

"ಆಗಲಿ. ಪತ್ರಕ್ಕೆ ಏನ್ಮಾಡ್ಬೇಕು?" ಎಂದರು ಮೇಡಂ.

"ಶಾಲೆಯ ಇಬ್ಬರೂ ತರಬೇತುದಾರರು ಸಹಿ ಹಾಕ್ಬೇಕು. ಇವರ ಪರವಾನಗಿ ಅಮಾನತಾಗಿದೆ, ಸಹಿ ನಡೆಯಲ್ಲ."

"ಪರವಾನಗಿ ವಾಪಸ್ ಬರೋದಕ್ಕೆ?" ಎಂದರು ಮೇಷ್ಟ್ರು.

"ಹೊಸದಾಗಿ ಪಾಠ ಹೇಳಿಸ್ಕೊಂಡು, ನಿಮ್ಮ ಶಾಲೆಯ ಇನ್ನೊಬ್ಬ ತರಬೇತುದಾರರಿಂದ ಇವರು ಕಲಿತಿದ್ದಾರೆ ಅಂತ ಬರೆಸ್ಕೊಂಡು ಬನ್ನಿ."

ಎಲ್ಲರೂ ಮೇಡಂ ಕಡೆ ನೋಡಿದರು. ಮೇಷ್ಟ್ರು ಕಣ್ಣ ಮುಂದೆ ತಂದುಕೊಂಡರು: ತಾವು ಸ್ಟೀರಿಂಗಿನ ಮುಂದೆ, ಹೆಂಡತಿ ಪಕ್ಕದ ಸೀಟಿನಲ್ಲಿ! ಆದರೂ ನುಂಗಲೇಬೇಕಾದ ಗುಳಿಗೆ. "ಬರೆದುಕೊಡ್ತಾಳೆ ಬಿಡಿ" ಎಂದರು.

"ಅವರು ಬರೆಯೋ ಹಾಗಿಲ್ಲ" ಎಂದರು ಇನ್ಸ್‌ಪೆಕ್ಟರ್. "ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಬರೆದುಕೊಡಬಾರದು ಅಂತ ನಿಯಮ ಇದೆ."

"ನಾವು ಗಂಡಹೆಂಡತಿ ಅಲ್ಲ ಸಾರ್" ಎಂದರು ಮೇಡಂ.

"ಡೈವೋರ್ಸ್ ಆಗಿದೆಯಾ?"

"ಆಗ್ತಾ ಇದೆ."

"ಯಾವಾಗ ಆಗುತ್ತೆ?"

"ಆಸ್ತಿ ಹಂಚಿಕೆ ಮುಗಿದ ತಕ್ಷಣ" ಎಂದರು ಮೇಷ್ಟ್ರು.

"ಅದು ಯಾವಾಗ ಮುಗಿಯುತ್ತೆ?"

"ನೀವು ಕಾರಿಗೆ ಬೆಲೆ..." ಎಂದು ಶುರುಮಾಡಿದ ಮೇಷ್ಟ್ರು ನಡುವೆಯೇ ನಿಂತರು.

ಇನ್ಸ್‌ಪೆಕ್ಟರ್ ಬೆರಳು ಮಡಚಿ ಏನನ್ನೋ ಎಣಿಸುತ್ತ ಹೋದವರು ಹೊರಟಲ್ಲಿಗೇ ಬಂದು ನಿಂತು, ಬೆರಳು ಬಿಡಿಸಿಬಿಟ್ಟರು. "ತಾತ, ಇದಕ್ಕೆ ಯಾವ ಸೆಕ್ಷನ್?" ಎಂದು ಇಸ್ತ್ರಿಯವನು ಕೇಳಿದ. ತಾತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಗಷ್ಟೇ ಸುಟ್ಟ ಬಟ್ಟೆಯ ವಾಸನೆ ಮೂಗಿಗೆ ಬಡಿದು ಇಸ್ತ್ರಿಯವನೂ ಓಡಿದ. "ನಿಯಮ ನಾನು ಮಾಡಿದ್ದಲ್ಲ" ಎಂದು ಇನ್ಸ್‌ಪೆಕ್ಟರ್ ಟೋಪಿ ಚೀಲಕ್ಕೆ ಹಾಕಿಕೊಂಡು ನಡೆದೇ ಹೋದರು.

ಗೇಟಿನ ಮೇಲೆ ನಿಂತ ಕಾರನ್ನು ಅಲ್ಲಿಂದ ತೆಗೆಯಬೇಕಿತ್ತು. ಇಷ್ಟು ಹೊತ್ತೂ ಸಲಹೆ ಕೊಡುವವರಿಗೆ ಬರವಿರಲಿಲ್ಲ, ತಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಗಂಡಹೆಂಡತಿ ಇಬ್ಬರೂ ಬಾನೆಟ್ಟಿಗೆ ಕೈಕೊಟ್ಟು ಕಾರನ್ನು ಹಿಂದುಮುಂದಾಗಿ ಏರಿನ ಕಡೆಗೆ ತಳ್ಳತೊಡಗಿದರು.

"ಎರಡೂ ನಾನೇ ಅಂತ ಯಾಕೆ ಹೇಳಿದ್ರಿ?" ಎಂದು ಮೇಡಂ ಏದುಸಿರು ಬಿಡುತ್ತ ಕೇಳಿದರು.

"ನಿನ್ನ ಪರವಾನಗಿ ಉಳೀಲಿ ಅಂತ."

"ಇಬ್ಬರದೂ ಹೋಗಿದ್ರೆ ಶಾಲೇನೂ ಹೋಗ್ತಿತ್ತು, ಕಾರು ಗುಜರಿಗೆ ಹಾಕಿ, ಅರ್ಧ ಅರ್ಧ ತಗೊಂಡು, ನಾಳೇನೇ ಡೈವೋರ್ಸ್ ಸಿಕ್ತಿತ್ತು. ಈಗ ಶಾಲೆ ಉಳೀತು, ಅದಕ್ಕೆ ಕಾರು ಬೇಕೇ ಬೇಕು."

ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ನಿಜ. ದಿನವಿಡೀ ಮಾಡಿದ ಕಿತಾಪತಿಯೆಲ್ಲ ಹೇಗೋ ಸರಿಹೋಗುತ್ತಿತ್ತು. ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಎಲ್ಲವನ್ನೂ ಕೆಡಿಸಿತ್ತು.

"ನನಗೆ ಹೊಳೀಲಿಲ್ಲ ಕಣೆ" ಎಂದರು.

"ನಿಮಗೆ ಯಾವತ್ತು ಹೊಳೆದಿದೆ?" ಎಂದರು ಮೇಡಂ. ಆದರೆ ಅವರ ದನಿಯಲ್ಲಿ ಎಂದಿನ ಖಾರ ಇರಲಿಲ್ಲ.

ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರ ಕೈಕಾಲೂ ಸೋತವು. ಕಾರು ಒಂದಂಗುಲವೂ ಮೇಲೇರಲೊಲ್ಲದು. ಬ್ರೇಕಿಲ್ಲ, ಹ್ಯಾಂಡ್‌ಬ್ರೇಕಿಲ್ಲ, ಗೇರು ಮುರಿದಿದೆ. ಒತ್ತು ತಪ್ಪಿದರೆ ಕೆಳಗಿನ ಮನೆಯ ಬಾಗಿಲೂ ಗೇಟಿನ ದಾರಿ ಹಿಡಿಯುತ್ತದೆ.

"ಚಕ್ರಕ್ಕೆ ಒಂದು ಕಲ್ಲು ಕೊಡ್ಬೇಕು. ಹೋಗಿ ತಗೊಂಡು ಬಾ, ನಾನು ಹಿಡ್ಕೊಂಡಿರ್ತೀನಿ" ಎಂದರು ಮೇಷ್ಟ್ರು.

"ನಿಮ್ಮೊಬ್ಬರಿಂದ ಆಗಲ್ಲ. ನೀವು ಹೋಗಿ, ನಾನು ಹಿಡ್ಕೋತೀನಿ."

"ನಿನ್ನೊಬ್ಬಳಿಂದ ಹೇಗಾಗುತ್ತೆ? ಜಜ್ಜಿ ಹೋಗ್ತೀಯ."

"ನೀವು ಜಜ್ಜಿ ಹೋಗಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾರೂ ಕದಲಲಿಲ್ಲ. ಬಾನೆಟ್ಟಿಗೆ ಭುಜ ಕೊಟ್ಟು ಅಕ್ಕಪಕ್ಕದಲ್ಲಿ ನಿಂತು, ದಾರಿಯಲ್ಲಿ ಯಾರಾದರೂ ಬರುತ್ತಾರೇನೋ ಎಂದು ಕಾಯತೊಡಗಿದರು.

"ಊಟ ಮಾಡಿರಲಿಲ್ಲ ತಾನೆ ಮಧ್ಯಾಹ್ನ?" ಎಂದರು ಮೇಡಂ ಸ್ವಲ್ಪ ಹೊತ್ತಿನ ಮೇಲೆ.

"ಇಲ್ಲ" ಎಂದರು ಮೇಷ್ಟ್ರು.